ಮೂರು ಸೆಕೆಂಡಿನ ಮಣ್ಣು

ಕಂಪನಿಯ ಪತ್ರದಲ್ಲಿ ಇದ್ದದ್ದು ಇಷ್ಟೇ:
ಬಾಯ್ ಚೀಯ ಕೊನೆಯ ಅಸ್ತ್ರ. ನೆಲ ಬಾಯ್ತೆರೆದು
ನಾಲ್ಕು ಲಕ್ಷ ಜನರನ್ನು ನುಂಗಬೇಕು.
ಅವಧಿ ಮೂರು ಸೆಕೆಂಡು. ಸದ್ದು ಗಂಭೀರವಾಗಿರಲಿ.

ಸದ್ದು ಹುಟ್ಟಿಸುವುದು ನನ್ನ ಕಸುಬು.
ಎಲೆಕೋಸು ಮುರಿದರೆ ಕುತ್ತಿಗೆ,
ಒದ್ದೆ ಚರ್ಮದ ಚೀಲ ಹಿಂಡಿದರೆ ಗಾಯ,
ಎರಡು ತೆಂಗಿನ ಕರಟ ಸಿಕ್ಕರೆ
ಇಡೀ ಚಿನ್ ಸೈನ್ಯದ ಕುದುರೆಗಳು.
ನಿಂಗ್ಬೋದ ನನ್ನ ಕೋಣೆಯಲ್ಲಿ ರಾಜವಂಶಗಳು
ಪ್ಲಾಸ್ಟಿಕ್ ಡಬ್ಬಗಳಲ್ಲಿ ಚೀಟಿ ಅಂಟಿಸಿಕೊಂಡು ಕೂತಿವೆ.
ಮಣ್ಣು ಮಾತ್ರ ಇರಲಿಲ್ಲ.
ಇದ್ದದ್ದು ಹೂಕುಂಡದ್ದು.
ಬಿದ್ದರೆ ಹೂಕುಂಡದ ಹಾಗೇ ಬೀಳುತ್ತಿತ್ತು.

ಎರಡು ರೈಲು, ಒಂದು ಬಸ್ಸು, ಗಾವ್‌ಪಿಂಗ್.
ಜೋಳದ ಕೂಳೆ, ಹಳದಿ ದಿಬ್ಬ, ಮೂಗು ಕೊಯ್ಯುವ ಗಾಳಿ.
ಇಪ್ಪತ್ಮೂರು ಶತಮಾನದ ಕೆಳಗೆ,
ನಿಜಕ್ಕೂ ಕೆಳಗೆ, ಒಂದಾಳಿನ ಆಳದಲ್ಲಿ,
ಶರಣಾದ ಝಾವ್ ನಾಡಿನ ಸೈನಿಕರನ್ನು
ಇಲ್ಲಿ ಮಣ್ಣು ಮಾಡಿದರಂತೆ.
ಸತ್ತವರನ್ನಲ್ಲವೇ ಮಣ್ಣು ಮಾಡುವುದು?
ಇವರು ನಲವತ್ತಾರು ದಿನ ಉಪವಾಸವಿದ್ದು
ಗಂಜಿಯಾದರೂ ಸಿಕ್ಕೀತೆಂದು
ಈಟಿ ಕೆಳಗಿಟ್ಟವರು.

ಬಸ್ ನಿಲ್ದಾಣದ ಬದಿಯಲ್ಲಿ ಬೀ ಗ್ವೇಶ್ಯಾಂಗ್
ಕೆಂಡದ ಮೇಲೆ ತೋಫು ಸುಡುತ್ತಿದ್ದಳು.
‘ಏನಿದು?’
‘ಬಾಯ್ ಚೀಯ ಮಾಂಸ.’
‘ಈ ಗಸಿ?’
‘ಅವನ ಮಿದುಳು. ಬೆಳ್ಳುಳ್ಳಿ, ಶುಂಠಿ ಹಾಕಿದ್ದೇನೆ.
ತಿನ್ನು, ಆರಿದರೆ ಸಪ್ಪೆ.’
ಹಗೆಗೆ ಇಷ್ಟು ರುಚಿಯಿದೆ ಎಂದು
ನನಗೆ ಯಾರೂ ಹೇಳಿರಲಿಲ್ಲ.
ಎರಡು ತಟ್ಟೆ ತಿಂದೆ.

ಆಮೇಲೆ ಫೋನಿನಲ್ಲಿ ಅವನನ್ನು ತೋರಿಸಿದೆ:
ಬೆಳ್ಳಿ ಕೂದಲು, ಹಿಡಿಯಷ್ಟು ಸೊಂಟ,
ಎಡಗಣ್ಣಲ್ಲಿ ಸದಾ ತುಳುಕುವ ಒಂದು ದುಃಖ.
ನೇರಳೆ ನಿಲುವಂಗಿಗೆ ನೂರಾ ಅರವತ್ತೆಂಟು ಯುವಾನ್, ಬೇರೆ.
ಚೆಂಗ್ದುವಿನ ಹುಡುಗಿಯರು ಅವನ ವೇಷ ತೊಟ್ಟು
ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ರೋದಲ್ಲಿ ಕೂರುತ್ತಾರೆ.
ಅವಳು ಸೆರಗುಬಟ್ಟೆಗೆ ಕೈ ಒರೆಸಿ
ಎರಡು ಬೆರಳಲ್ಲಿ ಅವನ ಮುಖ ಹಿಗ್ಗಿಸಿದಳು.
‘ಇಷ್ಟು ಚೆಂದ ಇದ್ದನಾ?’
ಒಂದು ಗಳಿಗೆ ಸುಮ್ಮನಿದ್ದು
ಕೆಂಡದ ಮೇಲಿನ ತುಂಡನ್ನು
ಮಗುಚಿ ಹಾಕಿದಳು.

‘ಬಾವಿ ತೋಡುವಾಗ ನಮ್ಮ ಹೊಲದಲ್ಲಿ ದವಡೆ ಸಿಕ್ಕಿತ್ತು.
ಒಂದು ಹಲ್ಲೂ ಹುಳುಕಿರಲಿಲ್ಲ. ಹುಡುಗನದ್ದೇ ಇರಬೇಕು.
ಮ್ಯೂಸಿಯಮ್ಮಿನವರು ಒಯ್ದರು. ರಸೀದಿ ಕೊಟ್ಟಿದ್ದಾರೆ.’

ಮರುದಿನ ಅದೇ ಹೊಲದಲ್ಲಿ ಗುಂಡಿ ತೆಗೆದೆವು.
ಮೈಕಿಗೆ ಕಾಲುಚೀಲ ತೊಡಿಸಿ ತಳದಲ್ಲಿ ಮಲಗಿಸಿದೆ.
ಸನಿಕೆ ಅವಳ ಕೈಯಲ್ಲಿ, ತಂತಿ ನನ್ನ ಕಿವಿಯಲ್ಲಿ.
ಮೇಲೆ ನಿಂತಿದ್ದ ನಾನು
ಕಿವಿಯಿಂದ ಕೆಳಗೆ ಮಲಗಿದ್ದೆ.
ಮೊದಲ ಸನಿಕೆ ಮಳೆ ಹನಿದಂತೆ.
ಎರಡನೆಯದು ಯಾರೋ ಬಾಗಿಲು ತಟ್ಟಿದಂತೆ.
ಏಳನೆಯದಕ್ಕೆ ಆಕಾಶ ಹೋಯಿತು:
ಕಾಗೆ, ದೂರದ ಲಾರಿ, ಗಾಳಿ, ಒಂದೊಂದಾಗಿ.
ಆಮೇಲೆ ಬಿದ್ದದ್ದು ಸದ್ದಲ್ಲ,
ಭಾರ.
ಅದರ ಆಚೆಯಿಂದ, ತುಂಬಾ ಮೇಲಿನಿಂದ,
ಒಂದು ದನಿ:
‘ಸಾಕೇನೇ? ಇನ್ನೂ ಬೇಕಾ?’

ಕಂಪನಿಗೆ ಒಪ್ಪಿಗೆಯಾಯಿತು.
ಮೇಲೆ ಡೋಲು ಸೇರಿಸಿದರು,
ಕಂಚಿನ ಗಂಟೆಯೊಂದರ ಅನುರಣನ ಸೇರಿಸಿದರು.
ದುಡ್ಡು ಹೊತ್ತಿಗೆ ಸರಿಯಾಗಿ ಬಂತು.

ಎರಡನೇ ಸೆಕೆಂಡು ಮುಗಿಯುವಲ್ಲಿ, ಡೋಲುಗಳ ಅಡಿಯಲ್ಲಿ,
ಆ ಮಾತಿನ ಮೊದಲ ತುಂಡು ಉಳಿದಿದೆ.
ತೆಗೆಯುವುದು ಕಷ್ಟವಿರಲಿಲ್ಲ.
ತೆಗೆಯಲಿಲ್ಲ.

ಸಂಜೆಯ ಮೆಟ್ರೋದಲ್ಲಿ ಪಕ್ಕದ ಹುಡುಗ,
ಸಮವಸ್ತ್ರದ ಕಾಲರಿಗೆ ಶಾಯಿ ಮೆತ್ತಿದವನು,
ಹೆಬ್ಬೆರಳು ಒತ್ತುತ್ತಾನೆ. ನಾಲ್ಕು ಲಕ್ಷ.
ಸಾಕೇನೇ?
ಅವನು ಮತ್ತೆ ಒತ್ತುತ್ತಾನೆ.